ಸಣ್ಣ ಕ್ಯಾಸೆಟ್ಟಿನಿಂದ ದೊಡ್ಡ ಕ್ಯಾಸೆಟ್ಟಿಗೆ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿದ್ದ ನಮ್ಮ ಮನೆಯ ಒಂದು ಕೋಣೆಗೆ ಒಳಗಿನ ಚಿಲಕ ಇರಲಿಲ್ಲ. ಇತ್ತಂತೆ, ಎಂದೋ ಕಿತ್ತುಹೋಗಿತ್ತಂತೆ. ಮಾವನವರದು ಹಗ್ಗ ಮತ್ತು ಗೋಣಿಚೀಲದ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಈ ಕೋಣೆ. ಮೊದಲೆಲ್ಲ ಅದರಲ್ಲಿ ಚೀಲದ ಕಟ್ಟುಗಳನ್ನು ಪೇರಿಸಿಡುತ್ತಿದ್ದರು. ಚೀಲಕ್ಕೆ ಗಾಳಿ ಬೇಡ, ಒಳಗಿನಿಂದ ಬಾಗಿಲು ಹಾಕಿಕೊಳ್ಳುವ ಗರಜೂ ಇಲ್ಲ. ಆದ್ದರಿಂದ ಯಾರೂ ಕಿಟಕಿ ಇಡಿಸಲಿಲ್ಲ, ಚಿಲಕ ಸರಿಮಾಡಿಸಲಿಲ್ಲ. ಆಮೇಲೆ ಚೀಲಗಳು ಹೋಗಿ ಅಲ್ಲಿಗೆ ನಾನು ಬಂದೆ.

ಅದು ಎಂಬತ್ತರ ದಶಕದ ನಡುಭಾಗ. ನಮ್ಮ ಮನೆಯವರಿಗೆ ಹಗ್ಗದ ವ್ಯಾಪಾರ ಸೇರುತ್ತಿರಲಿಲ್ಲ. ಹೈದರಾಬಾದಿಗೆ ಹೋಗಿ ಒಂದು ವಿಡಿಯೊ ಕ್ಯಾಮೆರಾ ತಂದರು, ಅದರ ಬೆನ್ನಿಗೆ ಎರಡು ವಿ.ಸಿ.ಆರ್. ತಂದರು. ಮದುವೆ, ತೊಟ್ಟಿಲು, ಮನೆ ಒಕ್ಕಲು, ಯಾರು ಎಲ್ಲಿಗೆ ಕರೆದರೂ ಕ್ಯಾಮೆರಾ ಹೆಗಲಿಗೇರಿಸಿ, ಕಣ್ಣು ಕುಕ್ಕುವ ದೀಪವೊಂದನ್ನು ಕೈಯಲ್ಲಿ ಹಿಡಿದು ಬಸ್ಸು ಹತ್ತಿಬಿಡುತ್ತಿದ್ದರು. ತಿರುಗಾಟವೆಲ್ಲ ಅವರ ಪಾಲಿಗೆ ಬಂತು. ಪಿ.ಯು.ಸಿ. ಓದಿದ್ದೆನಲ್ಲ, ಯಂತ್ರದ ಮೇಲಿನ ಇಂಗ್ಲಿಷ್ ಅಕ್ಷರ ಓದಲು ಬರುತ್ತಿತ್ತಲ್ಲ, ಹಾಗಾಗಿ ಯಂತ್ರಗಳೆರಡೂ ನನ್ನ ಪಾಲಿಗೆ ಬಂದವು. ಓದು ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯುತ್ತದೆ ಎಂದು ಸಿರುಗುಪ್ಪದ ನಮ್ಮ ಸಾಲಿಯಲ್ಲಿ ಹೇಳಿಕೊಟ್ಟಿದ್ದರು. ಯಾವ ಕೋಣೆಯ ಬಾಗಿಲು ಎಂದು ಹೇಳಿರಲಿಲ್ಲ.

ನಮ್ಮವರ ಕ್ಯಾಮೆರಾ ತುಂಬುತ್ತಿದ್ದದ್ದು ಸಣ್ಣ ಕ್ಯಾಸೆಟ್ಟನ್ನು. ಬೀಟಾ ಅನ್ನುತ್ತಿದ್ದರು. ಆದರೆ ಆ ಹೊತ್ತಿಗೆ ಸೀಮೆಯ ಉಳ್ಳವರೆಲ್ಲ ಮನೆಗೆ ತರತೊಡಗಿದ್ದು ದೊಡ್ಡ ಕ್ಯಾಸೆಟ್ಟಿನ ಯಂತ್ರವನ್ನು. ಇದು ಅದರ ಬಾಯಿಗೆ ಹಿಡಿಸದು, ಅದು ಇದರ ಬಾಯಿಗೆ ಹೋಗದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ. ನಡುವೆ ಸಿಕ್ಕವಳು ನಾನು. ಪ್ರತಿ ಮದುವೆಯನ್ನೂ ಸಣ್ಣದರಿಂದ ದೊಡ್ಡದಕ್ಕೆ ಇಳಿಸಿ ಕೊಡಬೇಕಿತ್ತು.

ಕೆಲಸವೇನೂ ಕಷ್ಟದ್ದಲ್ಲ. ಒಂದು ಯಂತ್ರದ ಬೆನ್ನಿನಿಂದ ಇನ್ನೊಂದರ ಬೆನ್ನಿಗೆ ಎರಡು ವೈರು, ಒಂದು ಚಿತ್ರಕ್ಕೆ, ಒಂದು ಧ್ವನಿಗೆ. ಇಲ್ಲಿ ಓಡಿಸಿದ್ದು ಅಲ್ಲಿ ಅಚ್ಚಾಗುತ್ತಿತ್ತು. ಆದರೆ ಮೂರು ಗಂಟೆಯ ಮದುವೆ ಅಚ್ಚಾಗಲು ಮೂರು ಗಂಟೆಯೇ ಬೇಕು. ಈಗಿನ ಹುಡುಗರು ಮನೆಯ ಕಂಪ್ಯೂಟರಿನಲ್ಲಿ ಒಂದು ನಮೂನೆಯ ವಿಡಿಯೊವನ್ನು ಇನ್ನೊಂದು ನಮೂನೆಗೆ ತಿರುಗಿಸಲು ಹಚ್ಚಿಟ್ಟು ಚಹಾ ಕುಡಿಯಲು ಹೋಗುತ್ತಾರೆ. ನಾನು ಎದ್ದು ಹೋಗುವಂತಿರಲಿಲ್ಲ. ಕರೆಂಟು ಯಾವಾಗ ಇಳಿಯುತ್ತದೋ ಯಾವಾಗ ಹೋಗುತ್ತದೋ ಯಾರಿಗೆ ಗೊತ್ತು? ಹೋದರೆ ಎರಡೂ ಟೇಪನ್ನು ಹಿಂದಕ್ಕೆ ಸುತ್ತಿ, ನಿಂತ ಜಾಗವನ್ನು ಹುಡುಕಿ, ಮತ್ತೆ ಕೂಡಿಸಬೇಕು. ಒಮ್ಮೆ ಕೂಡಿಸುವುದು ತಪ್ಪಿ ಮದುಮಗನೊಬ್ಬ ಒಬ್ಬಳಿಗೇ ಎರಡು ಸಲ ತಾಳಿ ಕಟ್ಟಿದ. ಅವರ ಮನೆಯವರು ಬಂದು ಅಪಶಕುನ ಎಂದು ಅಂಗಡಿಯ ಮುಂದೆ ಕೂಗಾಡಿದರು. ಅಂದಿನಿಂದ ಯಂತ್ರದ ಮುಂದಿನಿಂದ ಕದಲಕೂಡದು ಎಂದು ಕಟ್ಟಪ್ಪಣೆಯಾಯಿತು.

ಇನ್ನು ಧೂಳು. ಬಳ್ಳಾರಿಯ ಧೂಳಿಗೆ ಯಾರ ಮನೆಯ ಮುಲಾಜೂ ಇಲ್ಲ. ಟೇಪು ಓದುವ ಹೆಡ್ಡಿಗೆ ಒಂದಿಷ್ಟು ಮೆತ್ತಿದರೂ ಮದುವೆಯ ಮೇಲೆ ಬಿಳಿ ಗೆರೆಗಳ ಮಳೆ ಸುರಿಯುತ್ತಿತ್ತು. ಆದ್ದರಿಂದ ಫ್ಯಾನು ಹಾಕುವಂತಿಲ್ಲ, ಬಾಗಿಲು ತೆರೆದಿಡುವಂತಿಲ್ಲ. ಒಳಗಿನ ಚಿಲಕವಿಲ್ಲದ ಬಾಗಿಲು ಸಣ್ಣ ಗಾಳಿಗೂ ತಾನೇ ತೆರೆದುಕೊಳ್ಳುತ್ತಿತ್ತು. ಅದಕ್ಕೆ ಅತ್ತೆ ಕಂಡುಕೊಂಡ ಉಪಾಯ ಸರಳ. ನಾನು ಒಳಗೆ ಹೋದೊಡನೆ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಬೇಕೆನಿಸಿದಾಗ ಬಾಗಿಲು ಬಡಿಯಬೇಕು, ಅವರಿಗೆ ಕೇಳಿಸಿದಾಗ ತೆಗೆಯುತ್ತಾರೆ. ಇದರಲ್ಲಿ ಕೆಡುಕು ಇತ್ತೆಂದು ನಾನು ಹೇಳಲಾರೆ. ಆದರೆ ಚಿಲಕ ಬೀಳುವ ಸದ್ದಿಗೆ ದಿನವೂ ಒಮ್ಮೆ ತಿರುಗಿ ಬಾಗಿಲು ನೋಡುತ್ತಿದ್ದೆ. ಬೇಸಿಗೆಯಲ್ಲಿ ಗೋಡೆಗಳು ಬಿಸಿಯಾಗಿ ಹಳೆಯ ಗೋಣಿಯ ವಾಸನೆ ಎದ್ದು ಬರುತ್ತಿತ್ತು. ಬೆವರು ಒರೆಸಿಕೊಳ್ಳುತ್ತ, ತಣ್ಣನೆಯ ನೀರು ಕುಡಿಯುತ್ತ, ಯಾರದೋ ಮದುವೆ ನೋಡುತ್ತ ಕೂರುತ್ತಿದ್ದೆ.

ಅತ್ತೆ ಮಾತು ಕಡಿಮೆಯವರು. ಎತ್ತರದ ಆಳು, ಹಣೆಯ ತುಂಬ ವಿಭೂತಿ. ಮಾವನವರ ಮುಂದೆ ನಿಂತು ಅವರು ಎದುರಾಡಿದ್ದನ್ನು ನಾನು ಕಂಡಿಲ್ಲ. ಅಂಗಡಿಯ ಕಡೆಗೂ ತಲೆಹಾಕುತ್ತಿರಲಿಲ್ಲ. ಸುಗ್ಗಿಯ ಹೊತ್ತಿಗೆ ಹಚ್ಚೊಳ್ಳಿಯ ಟ್ರ್ಯಾಕ್ಟರು ಚೀಲ ಒಯ್ಯಲು ಬಂದಾಗ ಮಾತ್ರ ಕೈಕೆಲಸ ಬಿಟ್ಟು ಅಂಗಡಿಯ ಪರದೆಯ ಹಿಂದೆ ಬಂದು ನಿಲ್ಲುತ್ತಿದ್ದರು. ಟ್ರ್ಯಾಕ್ಟರಿನವರು ಬೆಳೆಯ ಮಾತು, ಕಾಲುವೆ ನೀರಿನ ಮಾತು ಆಡಿ ಹೊರಟ ಮೇಲೆ ಇವರೂ ಒಳಗೆ ಹೋಗುತ್ತಿದ್ದರು. ಹಚ್ಚೊಳ್ಳಿ ಅವರ ತವರೂರು. ಅಲ್ಲಿಗೆ ಯಾಕೆ ಹೋಗುವುದಿಲ್ಲ ಎಂದು ನಾನು ಕೇಳಿರಲಿಲ್ಲ. ನನ್ನನ್ನು ಕೂಡಿಹಾಕಿದವರು ಎಂಬ ಸಿಟ್ಟಿನಲ್ಲಿ ಅವರ ಯಾವ ಸುದ್ದಿಯೂ ನನಗೆ ಬೇಕಿರಲಿಲ್ಲ.

ಮದುವೆಯಲ್ಲಿ ಉಂಡವನೇ ಜಾಣ ಅನ್ನುತ್ತಾರೆ. ಆ ಲೆಕ್ಕದಲ್ಲಿ ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಅಷ್ಟು ಮದುವೆ ನೋಡಿದೆ, ಒಂದರಲ್ಲೂ ಉಣ್ಣಲಿಲ್ಲ. ಯಾವ ಊರಿನಲ್ಲಿ ಯಾರು ಅತ್ತರು, ಯಾರು ಮುನಿಸಿಕೊಂಡು ಪಂಕ್ತಿಯಿಂದ ಎದ್ದರು, ಎಲ್ಲ ನನಗೆ ಗೊತ್ತಾಗುತ್ತಿತ್ತು. ಕೇಳಬಾರದ ಮಾತು ಬಂದಲ್ಲಿ ಧ್ವನಿಯ ವೈರನ್ನು ಕಿತ್ತು, ಟೇಪ್‌ರೆಕಾರ್ಡರಿನ ವೈರು ಚುಚ್ಚಿ ಶಹನಾಯಿ ಹಚ್ಚುವುದು ನಮ್ಮ ರೂಢಿ. ಈ ಸೀಮೆಯ ಎಷ್ಟೋ ಜಗಳಗಳು ನನ್ನ ಶಹನಾಯಿಯ ಕೆಳಗೆ ಮಲಗಿವೆ.

ಕಡೆಗೆ ಜಗಳ ನಮ್ಮ ಮನೆಗೂ ಬಂತು.

ನನ್ನ ತಂಗಿಯ ನಿಶ್ಚಯ ಸಿರುಗುಪ್ಪದಲ್ಲಿ, ನಮ್ಮ ಮನೆಯ ಅಂಗಳದಲ್ಲಿ ಆಯಿತು. ಗಂಡಿನವರು ಕುರುಗೋಡಿನವರು. ನಾವೆಲ್ಲ ಬಳ್ಳಾರಿಯಿಂದ ಹೋಗಿದ್ದೆವು. ಮಾತು ಮುಗಿದು ಎಲೆ ಅಡಿಕೆ ಹಂಚುವ ಹೊತ್ತು. ಮೊದಲ ವೀಳ್ಯ ಶಾಸ್ತ್ರ ಮಾಡಿಸುವ ಅಯ್ಯನವರಿಗೆ, ಅದರಲ್ಲಿ ತಕರಾರಿಲ್ಲ. ಆಮೇಲಿನದು ಹಳೆಯ ಬೀಗರಿಗೆ ಹೋಗಬೇಕು, ಹೊಸ ಬೀಗರದು ಅವರ ನಂತರ. ನಮ್ಮಪ್ಪನಿಗೆ ಅದು ಗೊತ್ತಿಲ್ಲವೆಂದಲ್ಲ. ಈ ದಿನ ಬಾಗಿಲಿಗೆ ಬಂದ ಅತಿಥಿಗಳು ಕುರುಗೋಡಿನವರು, ಬಳ್ಳಾರಿಯವರು ಮನೆಯವರೇ ಆದರಲ್ಲ ಎಂದು ತಿಳಿದು ತಟ್ಟೆಯನ್ನು ಅತ್ತ ತಿರುಗಿಸಿದರು. ಕುರುಗೋಡಿನ ಹಿರಿಯರು ಎಲೆ ತೆಗೆದುಕೊಂಡರು. ನಮ್ಮ ಮಾವನವರು ತಮ್ಮ ಸರದಿ ಬಂದಾಗ ಎಲೆಯನ್ನು ತೆಗೆದು ಚಾಪೆಯ ಮೇಲಿಟ್ಟು, ಮೇಲುಹೊದಿಕೆ ಕೊಡವಿ ಎದ್ದುನಿಂತರು. ಊಟಕ್ಕೆ ನಿಲ್ಲಲಿಲ್ಲ.

ಮನೆಗೆ ಬಂದ ಮೇಲೆ ಅವರು ಹೇಳಿದ್ದು ಒಂದೇ ಮಾತು. "ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ. ಈ ಮನ್ಯಾಗಿನವ್ರು ಯಾರೂ ಆ ಹೊಸ್ತಲಾ ತುಳಿಯಂಗಿಲ್ಲ."

ಈ ಮನೆಯವರಲ್ಲಿ ನಾನೂ ಸೇರಿದ್ದೆ. ನಮ್ಮಪ್ಪ ತಪ್ಪೊಪ್ಪಿಕೊಳ್ಳಲು ಬಳ್ಳಾರಿಗೇ ಬಂದರು. ಮಾವ ಅವರನ್ನು ಅಂಗಡಿಯಲ್ಲಿ ಕೂರಿಸಿ ಚಹಾ ತರಿಸಿ, ಈ ಸಲ ಗೋಣಿ ಮಾಲು ಹೇಗೆ ಬಂದಿದೆ ಎಂದು ವಿವರವಾಗಿ ಹೇಳಿ ಕಳಿಸಿದರು. ಅಪ್ಪ ತಂದ ವೀಳ್ಯ ಅಪ್ಪನ ಕೈಯಲ್ಲೇ ಉಳಿಯಿತು. ಬೀಗರ ಮುನಿಸಿನಲ್ಲಿ ಸೊಸೆ ಬಡವಾದಳು. ಅಂದು ಮುಚ್ಚಿದ ತವರಿನ ದಾರಿ ತಂಗಿಯ ಮದುವೆಗಾದರೂ ತೆರೆಯುತ್ತದೆ ಎಂದು ಕಾದೆ. ಕಾಲು ಹಿಡಿದು ಕೇಳಿದೆ, ಅತ್ತು ಕೇಳಿದೆ, ಊಟ ಬಿಟ್ಟೆ. ಮಾವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಇಳಿಯುವ ಭರವಸೆಯಾದರೂ ಇರುತ್ತಿತ್ತು.

ಇದರಲ್ಲಿ ಇನ್ನೊಂದು ಚೋದ್ಯ ಕೇಳಿ. ಮದುವೆಯ ವಿಡಿಯೊ ಮಾಡಿಕೊಡುತ್ತೇವೆಂದು ನಮ್ಮ ಮನೆಯವರು ಕುರುಗೋಡಿನವರಿಗೆ ಮೊದಲೇ ಮಾತು ಕೊಟ್ಟಾಗಿತ್ತು. ಅದು ವ್ಯಾಪಾರ, ಇದು ಮಾನ, ಎರಡನ್ನೂ ಕಲಸಬಾರದು ಎಂದು ಮಾವನವರೇ ತೀರ್ಮಾನ ಕೊಟ್ಟರು. ಹೊಸ್ತಿಲಾಚೆ ಚಪ್ಪರದಲ್ಲಿ ನಿಂತು ಕೆಲಸ ಮಾಡಿದರೆ ತಪ್ಪಿಲ್ಲವಂತೆ. ಹೀಗೆ ನನ್ನ ತಂಗಿಯ ಮದುವೆಗೆ ಕ್ಯಾಮೆರಾ ಹೋಯಿತು, ನಾನು ಹೋಗಲಿಲ್ಲ. ಆಕೆಗೆ ಅರಿಶಿನ ಹಚ್ಚುವ ಹೊತ್ತಿಗೆ ನಾನು ಚಿಲಕ ಹಾಕಿದ ಕೋಣೆಯಲ್ಲಿ ಕುಳಿತು ಗುರುತಿಲ್ಲದ ಯಾರದೋ ಮಗಳಿಗೆ ಅರಿಶಿನ ಹಚ್ಚುವುದನ್ನು ದೊಡ್ಡ ಕ್ಯಾಸೆಟ್ಟಿಗೆ ಇಳಿಸುತ್ತಿದ್ದೆ. ಆ ದಿನದಷ್ಟು ಆ ಮನೆಯನ್ನು ನಾನು ಎಂದೂ ದ್ವೇಷಿಸಿಲ್ಲ.

ನಮ್ಮವರು ಟೇಪು ತಂದು ಕೈಗೆ ಕೊಡುವಾಗ ನನ್ನ ಮುಖ ನೋಡಲಿಲ್ಲ. ಮದುವೆ ಹೇಗಾಯಿತು ಎಂದರೆ ಚಲೋ ಆಯಿತು ಅಂದರು. ಮರುದಿನ ಬೆಳಗಿನ ಬಸ್ಸಿಗೆ ಕೆಂಚನಗುಡ್ಡದ ಇನ್ನೊಂದು ಮದುವೆಗೆ ಹೊರಟವರು ಚಪ್ಪಲಿ ಮೆಟ್ಟುತ್ತ ಹೇಳಿದರು. "ನಡುವ ಒಂದೀಟು ನಿಮ್ಮವ್ವಾರು ಬರ್ತಾರ. ಕುರುಗೋಡಿನವ್ರ ಕ್ಯಾಸೆಟ್ಟಿನ್ಯಾಗ ಆ ಮಾತು ಬ್ಯಾಡ. ವೈರು ಕಿತ್ತು ಶಹನಾಯಿ ಹಚ್ಚಿಬಿಡು."

ನಾನು ಒಳಗೆ ಹೋದೆ, ಚಿಲಕ ಬಿತ್ತು. ಟೇಪು ಹಾಕಿದೆ. ಅಚ್ಚು ಹಾಕುವ ಯಂತ್ರವನ್ನು ಮುಟ್ಟಲಿಲ್ಲ, ಮೊದಲು ನಾನೊಬ್ಬಳೇ ನೋಡಬೇಕಿತ್ತು. ನಮ್ಮ ಮನೆಯ ಅಂಗಳ ಬಂತು, ಚಪ್ಪರ ಬಂತು. ತಂಗಿ ಬಂದಳು. ತಲೆ ತಗ್ಗಿಸಿಕೊಂಡಿದ್ದಳು, ಆದರೆ ತಾಳಿ ಕಟ್ಟುವ ಮುಂಚೆ ಒಮ್ಮೆ ಕತ್ತೆತ್ತಿ ಹೆಂಗಸರ ಗುಂಪಿನಲ್ಲಿ ಯಾರನ್ನೋ ಹುಡುಕಿದಳು. ಯಾರನ್ನು ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಆಮೇಲೆ ಉಡಿ ತುಂಬುವ ಶಾಸ್ತ್ರ. ನಮ್ಮಲ್ಲಿ ಗಂಡನ ಮನೆಗೆ ಹೊರಡುವ ಮಗಳಿಗೆ ಮಾತ್ರವಲ್ಲ, ಮದುವೆಗೆ ಬಂದ ಮನೆಯ ಹೆಣ್ಣುಮಕ್ಕಳಿಗೆಲ್ಲ ತಾಯಿಯಾದವಳು ಉಡಿ ತುಂಬಬೇಕು. ಸೆರಗಿಗೆ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಎಲೆ ಅಡಿಕೆ, ಒಂದು ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ. ತುಂಬಿದ ಉಡಿಯನ್ನು ಚೆಲ್ಲದೆ ಗಂಡನ ಮನೆಗೆ ಒಯ್ಯಬೇಕು. ಖಾಲಿ ಉಡಿಯಲ್ಲಿ ಉಳಿದವಳಿಗೆ ತವರು ಇಲ್ಲವೆಂದೇ ಅರ್ಥ.

ಅವ್ವ ತಂಗಿಗೆ ತುಂಬಿದಳು. ಆಮೇಲೆ ಅಕ್ಕಿಯ ಮೊರವನ್ನು ಎತ್ತಿಕೊಂಡು ನೇರವಾಗಿ ಕ್ಯಾಮೆರಾದ ಕಡೆಗೆ ನಡೆದು ಬಂದಳು. ಚಿತ್ರ ಒಮ್ಮೆ ಅಲುಗಿತು, ನಮ್ಮವರು ಹಿಂದೆ ಸರಿದಿರಬೇಕು. ಅವ್ವ ಕ್ಯಾಮೆರಾದ ಮುಂದೆ ಕುಳಿತು ಒಂದು ಕುಬಸದ ಕಣ ಹಾಸಿದಳು. ಅಳುತ್ತಿರಲಿಲ್ಲ. ಕೆಲಸ ಮಾಡುವಾಗಿನ ಮುಖ.

"ಯವ್ವಾ, ಇವನ್ನೆಲ್ಲ ಕುಂತು ನೋಡಾಕಿ ನೀನಽ ಅಂತ ಗೊತ್ತೈತಿ ನನಗ," ಅಂದಳು. "ಸೆರಗ ಒಡ್ಡು. ಈ ಅಕ್ಕಿ ಕಟ್ಟಿ ಇಟ್ಟಿರತೀನಿ. ಯಾವಾಗರ ಬಂದು ಒಯ್ಯಿ."

ಹಿಡಿ ಹಿಡಿಯಾಗಿ ಅಕ್ಕಿಯನ್ನು ಕಣದ ಮೇಲೆ ಹಾಕತೊಡಗಿದಳು. ನಮ್ಮವರು ಆ ಹೊತ್ತಿನಲ್ಲಿ ಕ್ಯಾಮೆರಾ ಬಂದ್ ಮಾಡಲಿಲ್ಲ. ತಮ್ಮ ಅಪ್ಪನ ಎದುರು ಬಾಯಿ ತೆರೆಯದ ಆ ಮನುಷ್ಯ ನನಗಾಗಿ ಮಾಡಿದ ಧೈರ್ಯ ಅದೊಂದೇ. ನಾನು ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ. ಟಿ.ವಿ.ಯ ಮುಂದೆ ಮೊಣಕಾಲೂರಿ, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದ್ದೆ.

ಚಿಲಕ ತೆಗೆದು ಅತ್ತೆ ಚಹಾ ಹಿಡಿದು ಬಂದದ್ದು ಆಗಲೇ. ಸೆರಗನ್ನು ಮುಚ್ಚಿಕೊಳ್ಳಲೂ ಹೊತ್ತು ಸಿಗಲಿಲ್ಲ. ಅವರು ನನ್ನನ್ನು ನೋಡಿದರು, ಟಿ.ವಿ. ನೋಡಿದರು. ಬಾಗಿಲು ತೆರೆದೇ ಇತ್ತು, ಧೂಳು ಬರುತ್ತದೆಂಬ ಪರಿವೆಯೂ ಅವರಿಗಿರಲಿಲ್ಲ. ಚಹಾದ ಬಟ್ಟಲನ್ನು ಸ್ಟೆಬಿಲೈಜರಿನ ಮೇಲೆ ಇಟ್ಟರು. ಅಲ್ಲಿ ಏನನ್ನೂ ಇಡಬಾರದೆಂದು ಎಲ್ಲರಿಗೂ ಹೇಳುತ್ತಿದ್ದವರು ಅವರೇ. ಹಿಂದಕ್ಕೆ ಸುತ್ತು ಅಂದರು. ಸುತ್ತಿದೆ. ನಿಂತುಕೊಂಡೇ ಇನ್ನೊಮ್ಮೆ ನೋಡಿದರು.

ಆಮೇಲೆ ತಮ್ಮ ಕಥೆಯನ್ನು ಮೊಟ್ಟಮೊದಲ ಸಲ ಹೇಳಿದರು. ಹಚ್ಚೊಳ್ಳಿಯಲ್ಲಿ ಅವರ ಅಣ್ಣ ಹೊಸ ಮನೆ ಕಟ್ಟಿಸಿ ಒಕ್ಕಲಾದ ದಿನ, ಮಾವನವರನ್ನು ಮೊದಲ ಪಂಕ್ತಿಗೆ ಕರೆಯುವುದು ಮರೆತಿದ್ದರಂತೆ. ಎರಡನೆಯ ಪಂಕ್ತಿಗೆ ಕರೆಯಲು ಬಂದಾಗ ಮಾವ ಗಾಡಿ ಕಟ್ಟಿಸಿಯಾಗಿತ್ತು. ಆಗ ನಮ್ಮ ಮನೆಯವರು ಇನ್ನೂ ಸಾಲಿಗೆ ಹೋಗುವ ಹುಡುಗ. ಅಲ್ಲಿಂದೀಚೆ ಅತ್ತೆ ಹಚ್ಚೊಳ್ಳಿ ಕಂಡಿಲ್ಲ. ಅವರ ತಾಯಿ ತೀರಿಕೊಂಡ ಸುದ್ದಿ ಟ್ರ್ಯಾಕ್ಟರಿನವರು ಅಂಗಡಿಯಲ್ಲಿ ಆಡಿದ ಮಾತಿನಲ್ಲಿ, ಪರದೆಯ ಹಿಂದೆ ನಿಂತಾಗ ಅವರಿಗೆ ಗೊತ್ತಾಯಿತಂತೆ. ಇದನ್ನೆಲ್ಲ ನೆರೆಮನೆಯ ಸುದ್ದಿ ಹೇಳಿದಂತೆ ಹೇಳಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

"ಯಾವ ಗುಂಡಿ ಒತ್ತಬೇಕು, ತೋರ್ಸು," ಅಂದರು. "ಇದು ನಾ ನೋಡ್ಕೊಂತೀನಿ. ನೀ ಹಿತ್ತಲ ಸಂದ್ಯಾಗಿಂದ ಹೋಗಿ ಸಿರುಗುಪ್ಪದ ಬಸ್ಸು ಹತ್ತು. ದೀಪ ಹಚ್ಚೋದ್ರಾಗ ಬಾ."

ಮಾವನಿಗೆ ಗೊತ್ತಾದರೆ ಎಂದೆ. ಬಾಗಿಲು ಹಾಕಿದೆ, ಒಳಗೆ ಟೇಪು ಓಡುತ್ತಿದೆ ಎಂದರೆ ನೀನು ಒಳಗೇ ಇದ್ದೀಯ ಎಂದಲ್ಲವೇ, ಇಷ್ಟು ದಿನ ಯಾರು ತೆರೆದು ನೋಡಿದ್ದಾರೆ ಅಂದರು. ಅದು ಸರಿಯಾಗಿಯೇ ಇತ್ತು. ನನ್ನನ್ನು ಹಿಡಿದಿಟ್ಟ ಬಾಗಿಲೇ ನಾನು ಇಲ್ಲದ್ದನ್ನೂ ಮುಚ್ಚಿಡಬಲ್ಲದೆಂದು ನನಗೆ ಹೊಳೆದೇ ಇರಲಿಲ್ಲ.

ಅತ್ತೆಗೆ ಇಂಗ್ಲಿಷ್ ಅಕ್ಷರ ಬಾರದು. ದೇವರ ಗೂಡಿನಿಂದ ಕುಂಕುಮ, ವಿಭೂತಿ ತಂದು ಗುಂಡಿಗಳಿಗೆ ಹಚ್ಚಿದೆ. ಓಡಿಸುವುದಕ್ಕೂ ಅಚ್ಚು ಹಾಕುವುದಕ್ಕೂ ಕುಂಕುಮ, ನಿಲ್ಲಿಸುವುದಕ್ಕೆ ವಿಭೂತಿ. ಅವ್ವ ಬಂದಾಗ ಯಾವ ವೈರು ಕಿತ್ತು ಯಾವುದನ್ನು ಚುಚ್ಚಬೇಕೆಂದು ತೋರಿಸಿದೆ. ಹ್ಞೂಂ ಅಂದರು. ಇನ್ನೊಮ್ಮೆ ಹೇಳಹೋದರೆ ಹೊಂಡು, ಬಸ್ಸು ತಪ್ಪತೈತಿ ಎಂದು ಗದರಿದರು.

ಸಂದಿಯಿಂದ ಹೊರಬಿದ್ದಾಗ ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಖಕ್ಕೆ ಗಾಳಿ ಹೊಡೆಯುತ್ತಿತ್ತು, ಸಂತೋಷವಾಗಬೇಕಿತ್ತು, ಆಗಲಿಲ್ಲ. ಈಗ ಅಲ್ಲಿ ಹಂದರಗಂಬದ ಪೂಜೆ ನಡೆದಿರುತ್ತದೆ, ಈಗ ಬೀಗರನ್ನು ಇದಿರುಗೊಳ್ಳುತ್ತಿರುತ್ತಾರೆ, ಈಗ ಕರೆಂಟು ಹೋದರೆ ಅತ್ತೆ ಏನು ಮಾಡುತ್ತಾರೆ ಎಂದು ಟೇಪು ನನ್ನ ತಲೆಯೊಳಗೆ ಓಡುತ್ತಲೇ ಇತ್ತು. ಕೋಣೆಯಿಂದ ನಾನು ಹೊರಬಂದಿದ್ದೆ, ನನ್ನಿಂದ ಕೋಣೆ ಹೊರಬಂದಿರಲಿಲ್ಲ. ಗದ್ದೆಗಳ ಹಸಿರು ಕಂಡು ಸಿರುಗುಪ್ಪ ಹತ್ತಿರವಾದಂತೆ ಇನ್ನೊಂದು ಭಯ ಹತ್ತಿತು. ಕೆಂಚನಗುಡ್ಡಕ್ಕೆ ಸಿರುಗುಪ್ಪದ ಮೇಲೆಯೇ ಹೋಗಬೇಕು, ಅಲ್ಲಿಗೆ ಹೋದ ನಮ್ಮವರು ಬಸ್‌ಸ್ಟ್ಯಾಂಡಿನಲ್ಲೇನಾದರೂ ಸಿಕ್ಕರೆ? ತಲೆಯ ಮೇಲೆ ಸೆರಗೆಳೆದುಕೊಂಡು ಕಳ್ಳಿಯಂತೆ ಇಳಿದೆ. ಹುಟ್ಟಿದ ಊರಿನಲ್ಲಿ ಮುಖ ಮುಚ್ಚಿಕೊಂಡು ನಡೆದೆ.

ಅವ್ವ ಅಂಗಳದಲ್ಲಿ ಚಪ್ಪರದ ಗರಿ ಒಟ್ಟುತ್ತಿದ್ದಳು. ನನ್ನನ್ನು ಕಂಡು ಹೌಹಾರಲಿಲ್ಲ, ಯಾರ ಜೊತೆ ಬಂದೆ ಎಂದೂ ಕೇಳಲಿಲ್ಲ. "ನೋಡಿದಿ?" ಅಂದಳು. ನೋಡಿದೆ ಅಂದೆ. ಒಳಗೆ ಹೋಗಿ ಕಟ್ಟಿಟ್ಟ ಕಣವನ್ನು ತಂದಳು. ಬಾಗಿಲ ಬಳಿ ಮಣೆ ಹಾಕಿ ಕೂರಿಸಿದಳು. ನಾನು ಸೆರಗೊಡ್ಡಿದೆ. ಟಿ.ವಿ.ಯಲ್ಲಿ ಸದ್ದಿಲ್ಲದೆ ಬಿದ್ದ ಅಕ್ಕಿ ಇಲ್ಲಿ ಭಾರವಾಗಿ ಬಿತ್ತು. ಆಗ ನನಗೆ ಅಳು ಬಂತು, ಜೋರಾಗಿಯೇ ಅತ್ತುಬಿಟ್ಟೆ. ಅವ್ವ ತಟ್ಟೆಯಲ್ಲಿ ಮದುವೆಯಲ್ಲಿ ಉಳಿದ ಬುಂದಿ ತಂದಿಟ್ಟಳು. ಎರಡು ಕಾಳು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಬಸ್ಸಿನ ಹೊತ್ತಾಯಿತೆಂದು ಎದ್ದೆ. ತವರಿನಲ್ಲಿ ಬೆನ್ನಾನಿಸಿ ಕೂರುವಷ್ಟು ಬಿಡುವೂ ನನಗಿರಲಿಲ್ಲ. ಅಪ್ಪ ಗದ್ದೆಗೆ ಹೋಗಿದ್ದರು, ಸಿಗಲಿಲ್ಲ.

ಬಸ್ಸಿನಲ್ಲಿ ಉಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತೆ. ಪಕ್ಕದಲ್ಲಿದ್ದ ಮುದುಕಿ ತೆಲುಗಿನಲ್ಲಿ ತವರಿಗೆ ಹೋಗಿದ್ದೆಯೇನಮ್ಮಾ ಎಂದು ಕೇಳಿದಳು. ಇಲ್ಲ ಅಂದೆ. ಮಡಿಲ ತುಂಬ ಅಕ್ಕಿ ಇಟ್ಟುಕೊಂಡು ಇಲ್ಲ ಅಂದದ್ದಕ್ಕೆ ಆಕೆ ನನ್ನನ್ನು ಬಳ್ಳಾರಿ ಬರುವತನಕ ನೋಡುತ್ತಲೇ ಇದ್ದಳು.

ಸಂದಿಯಿಂದ ಹಿತ್ತಲಿಗೆ ಬಂದಾಗ ಹೊತ್ತು ಇಳಿದಿತ್ತು. ಒಳಗೆ ಟೇಪಿನ ಸದ್ದು ಕೇಳಿ ಜೀವ ಬಂತು. ಕೋಣೆಯೊಳಗೆ ಅತ್ತೆ ಬೆವತು ನೀರಾಗಿದ್ದರು, ಬೆರಳಿನ ತುಂಬ ಕುಂಕುಮ. ತಂಗಿಯ ಮದುವೆ ಮುಗಿಸಿ, ಇನ್ನಾರದೋ ಮದುವೆಯನ್ನು ಹಚ್ಚಿಕೊಂಡು ಕೂತಿದ್ದರು. ದಿನವೂ ಹೀಗೇ ಇರುತ್ತದೇನು ಒಳಗೆ ಎಂದು ಕೇಳಿದರು. ಹೌದು ಅಂದೆ. ಅವರು ಗೋಡೆ ನೋಡಿದರು, ನಾನೂ ನೋಡಿದೆ.

ಆಮೇಲೆ ಮಧ್ಯಾಹ್ನದ ಕಥೆ ಹೇಳಿದರು. ಮಾವ ಊಟಕ್ಕೆ ಬಂದಾಗ ಟೇಪನ್ನು ಓಡುತ್ತಿರಲು ಬಿಟ್ಟು, ಬಾಗಿಲು ಹಾಕಿ ಬಡಿಸಲು ಹೋದರಂತೆ. ನಂಬಿಕೆ ಬರಲೆಂದು ಚಿಲಕ ಹಾಕಿದ ಬಾಗಿಲಿಗೆ, ಇನ್ನೊಂದು ರೊಟ್ಟಿ ಹಾಕಲೇನವಾ, ಬೇಡವೇ, ಆಯಿತು ಬಿಡು ಎಂದು ತಾವೇ ಕೇಳಿ ತಾವೇ ಉತ್ತರ ಹೇಳಿಕೊಂಡರಂತೆ. ಅಷ್ಟರಲ್ಲಿ ಒಳಗಿನಿಂದ ಅವ್ವನ ದನಿ ಬಂತು. ಯವ್ವಾ, ಸೆರಗ ಒಡ್ಡು ಎಂದು. ಮಾವನ ಕೈ ತಟ್ಟೆಯಲ್ಲೇ ನಿಂತಿತು. ಯಾರ ದನಿ ಅದು ಎಂದರು. ನಿಮ್ಮ ಬೀಗತಿಯದು ಎಂದರು ಅತ್ತೆ. ಏನನ್ನುತ್ತಾರೆ ಎಂದರು. ಮಗಳನ್ನು ಕಳಿಸಲಿಲ್ಲವಲ್ಲ, ಅದಕ್ಕೆ ಕ್ಯಾಮೆರಾದ ಮುಂದೆ ಕೂತು ಉಡಿ ತುಂಬುತ್ತಾರೆ ಎಂದರು. ಮಾವ ದನಿ ನಿಲ್ಲುವತನಕ ಕೂತಿದ್ದು, ಮಜ್ಜಿಗೆ ಬೇಡವೆಂದು ಕೈತೊಳೆದು ಅಂಗಡಿಗೆ ಹೋದರಂತೆ.

ವೈರು ಕೀಳಲಿಲ್ಲವೇ ಎಂದೆ. ಹಾಗಾದರೆ ಕುರುಗೋಡಿಗೆ ಹೋಗುವ ಕ್ಯಾಸೆಟ್ಟಿನಲ್ಲೂ ಅವ್ವನ ಮಾತು ಹಾಗೇ ಉಳಿದಿತ್ತು.

"ಮರ್ತೆ," ಅಂದರು ಅತ್ತೆ. "ವೈರಿಗೆ ನೀ ಕುಂಕುಮ ಹಚ್ಚಿರಲಿಲ್ಲಲ್ಲ."

ನಗು ಬಂತು. ಸೆರಗು ಬಿಚ್ಚಿ ಉಡಿಯನ್ನು ತೋರಿಸಿದೆ. ಅತ್ತೆ ಎದ್ದು ಹೋಗಿ ಬಾಗಿಲನ್ನು ಎಳೆದುಕೊಂಡರು. ಒಳಗೆ ಚಿಲಕವಿಲ್ಲವಲ್ಲ, ಅದಕ್ಕೆ ಬೆನ್ನು ಕೊಟ್ಟು ನಿಂತರು. ಅಕ್ಕಿಯನ್ನು ಬಹಳ ಹೊತ್ತು ನೋಡಿದರು. ಕೆಂಪು ಬೆರಳುಗಳನ್ನು ಸೀರೆಗೆ ಒರೆಸಿಕೊಂಡು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ, ಎರಡೂ ಕೈಯಲ್ಲಿ ನನ್ನ ಮುಂದೆ ಒಡ್ಡಿದರು.

ನನಗೆ ಗಾಬರಿಯಾಯಿತು. ಸಣ್ಣವಳು ದೊಡ್ಡವರಿಗೆ, ಅದೂ ಸೊಸೆ ಅತ್ತೆಗೆ ಉಡಿ ತುಂಬುವುದನ್ನು ನೋಡಿದ ಅಷ್ಟೂ ಮದುವೆಗಳಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ. ಯಾರಾದರೂ ನೋಡಿದರೆ ಏನಂದಾರು ಎಂದೆ.

"ಬಾಗ್ಲಾ ಹಾಕೇತಿ," ಅಂದರು. "ಯಾರು ನೋಡ್ತಾರ? ತುಂಬು."

ತುಂಬಿದೆ. ಐದನೆಯ ಹಿಡಿ ಹಾಕುವಾಗ ಅಂಗಡಿಯಿಂದ ಮಾವ ಕುಡಿಯಲು ನೀರು ಕೇಳಿದ್ದು ಇಬ್ಬರಿಗೂ ಕೇಳಿಸಿತು. ಅತ್ತೆ ಸೆರಗು ಒಡ್ಡಿಕೊಂಡು ನಿಂತೇ ಇದ್ದರು, ಬಾಗಿಲಿನಿಂದ ಬೆನ್ನು ತೆಗೆಯಲಿಲ್ಲ.